ಹೆಂಚಿನ ಮನೆಗೆ ಬ್ಲೆಂಡರ್ ಸಾಕು: ನನ್ನ ಅನುಭವ

ಹವ್ಯಾಸಕ್ಕೆ ತ್ರೀಡಿ ಮಾಡುವವರು ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಸಾಫ್ಟ್‌ವೇರ್ ಆಯ್ಕೆಯ ಅರ್ಧ ತಲೆನೋವು ತಪ್ಪುತ್ತದೆ. ನಾನು ಹಿಡಿದಿರುವುದು ಒಂದೇ ವಸ್ತು, ಬಸವನಗುಡಿ–ಮಲ್ಲೇಶ್ವರದ ಹಳೇ ಮನೆಗಳು. ಮಂಗಳೂರು ಹೆಂಚು, ಮಂಕಿ ಟಾಪ್ (ಕಿಟಕಿ, ವರಾಂಡದ ಮೇಲಿನ ಮರದ ಪಟ್ಟಿಯ ಚಾಚು), ಕಾವಿ ನೆಲ. ಇಷ್ಟಕ್ಕೆ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ ಸಾಕು. 2002ರಿಂದ ಮುಕ್ತ ತಂತ್ರಾಂಶ, ಕಾಸು ಬಿಚ್ಚಬೇಕಿಲ್ಲ. ಹೂಡಿನಿ ಎಂಬ ಇನ್ನೊಂದು ತ್ರೀಡಿ ತಂತ್ರಾಂಶದ ಕಲಿಕೆಯ ಆವೃತ್ತಿ, ಅಪ್ರೆಂಟಿಸ್, ಕೂಡ ಉಚಿತವೇ. ಆದರೆ ರೆಂಡರ್ (ಕೊನೆಗೆ ತೆಗೆಯುವ ಚಿತ್ರ) ಮೇಲೆ ವಾಟರ್‌ಮಾರ್ಕ್ ಬೀಳುತ್ತದೆ, ಮಾಡಿದ್ದನ್ನು ಮಾರುವ ಹಾಗಿಲ್ಲ. ಹೊಗೆ, ನೀರು, ಕುಸಿತದ ಹುಚ್ಚಿರುವವರು ಕಲಿಯಲಿ. ಮುಖ ಕೆತ್ತುವವರಿಗೆ ಝೀಬ್ರಶ್ ಬೇಕೆನಿಸಬಹುದು, ಹೆಂಚಿಗೆ ಖಂಡಿತ ಬೇಡ.

ಹೆಂಚು ಸುಮಾರು 41 ಸೆಂ.ಮೀ. ಉದ್ದ, 23.5 ಸೆಂ.ಮೀ. ಅಗಲ. ಒಂದರ ಮೇಲೊಂದು ಕೂರುವುದರಿಂದ ಹೊರಗೆ ಕಾಣುವುದು ಹತ್ತಿರಹತ್ತಿರ 32×21. ಅಂದರೆ ಚದರ ಮೀಟರಿಗೆ 15, 80 ಚದರ ಮೀಟರ್ ಸೂರಿಗೆ 1,200. ಒಂದಕ್ಕೆ 2,000 ಫೇಸ್ (ಆಕೃತಿ ಕಟ್ಟುವ ಚಪ್ಪಟೆ ತುಣುಕು) ಇಟ್ಟರೆ 24 ಲಕ್ಷ. ಪ್ರತಿಗಳನ್ನು ಸಾಲಾಗಿ ಜೋಡಿಸುವ ಅರೇ ಮಾಡಿಫೈಯರ್ ಅಷ್ಟನ್ನೂ ನಿಜವಾಗಿಯೇ ಹುಟ್ಟಿಸುತ್ತದೆ, ಕೆಲಸದ ಕಿಟಕಿ (ವ್ಯೂಪೋರ್ಟ್) ತೆವಳುತ್ತದೆ. ಜಿಯೋಮೆಟ್ರಿ ನೋಡ್ಸ್‌ನ ‘ಇನ್‌ಸ್ಟೆನ್ಸ್ ಆನ್ ಪಾಯಿಂಟ್ಸ್’ ಬಳಸಿದರೆ ಮೆಮೊರಿಯಲ್ಲಿ ಕೂರುವುದು ಒಂದೇ ಹೆಂಚು, ಉಳಿದವು ಅದರ ನೆರಳುಪ್ರತಿ. ಪ್ರತಿಯೊಂದನ್ನೂ ಒಂದು ಡಿಗ್ರಿಯೊಳಗೆ ಅಡ್ಡಾದಿಡ್ಡಿ ತಿರುಗಿಸಬೇಕು. ಎರಡು ದಾಟಿದರೆ ಕೋತಿ ಓಡಾಡಿದ ಸೂರಾಗುತ್ತದೆ. ಬಣ್ಣದ ವ್ಯತ್ಯಾಸಕ್ಕೆ, ಪ್ರತಿ ಹೆಂಚಿಗೂ ಬೇರೆ ಸಂಖ್ಯೆ ಕೊಡುವ ‘ಆಬ್ಜೆಕ್ಟ್ ಇನ್ಫೋ’ದ ರ್‍ಯಾಂಡಮ್ ಅನ್ನು ಕಲರ್ ರ್‍ಯಾಂಪ್‌ಗೆ ಕೊಡುತ್ತೇನೆ. ಕೊನೆಯಲ್ಲಿ ‘ರಿಯಲೈಸ್ ಇನ್‌ಸ್ಟೆನ್ಸಸ್’ ಹಾಕಿ ಪ್ರತಿಗಳನ್ನೆಲ್ಲ ಒಂದೇ ಆಕೃತಿಯಾಗಿಸಿದರೆ ಎಲ್ಲ ಹೆಂಚೂ ಒಂದೇ ಬಣ್ಣಕ್ಕೆ ಬಂದುಬಿಡುತ್ತವೆ. ಬೇರೆಬೇರೆ ವಸ್ತು ಅನ್ನುವ ಗುರುತೇ ಅಲ್ಲಿ ಅಳಿಸಿಹೋಗಿರುತ್ತದೆ.

ಮಂಕಿ ಟಾಪ್‌ನ ಮರದ ಪಟ್ಟಿಗಳನ್ನು ಆಬ್ಜೆಕ್ಟ್ ಮೋಡ್‌ನಲ್ಲಿ ಎಳೆದು ಉದ್ದ ಮಾಡಿದ್ದರೆ ಬೆವೆಲ್‌ಗೆ (ಅಂಚು ಕೆತ್ತುವುದಕ್ಕೆ) ಮೊದಲು ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಲೇಬೇಕು, ಅಂದರೆ ಎಳೆದ ಅಳತೆಯನ್ನೇ ಮೂಲ ಅಳತೆಯಾಗಿಸಬೇಕು. ಇಲ್ಲದಿದ್ದರೆ 2 ಮಿ.ಮೀ. ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ.

ಕಾವಿ ನೆಲದ ಜೀವ ಕೆಂಪಿನಲ್ಲಿಲ್ಲ, ರಫ್‌ನೆಸ್‌ನಲ್ಲಿದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಕಾಲಾಡುವ ನಡುಭಾಗ 0.2, ಗೋಡೆಯಂಚು 0.45. ಇದನ್ನು ಮ್ಯಾಪಾಗಿ (ಮೇಲ್ಮೈಗೆ ಹೊದಿಸುವ ಚಿತ್ರವಾಗಿ) ಬರೆದಿದ್ದರೆ ಕಲರ್ ಸ್ಪೇಸ್ ‘ನಾನ್-ಕಲರ್’ ಇರಬೇಕು. ಎಸ್‌ಆರ್‌ಜಿಬಿಯಲ್ಲೇ (ಬಣ್ಣದ ಚಿತ್ರಗಳ ಸೆಟ್ಟಿಂಗ್) ಬಿಟ್ಟರೆ 0.45 ಅನ್ನು ಬ್ಲೆಂಡರ್ 0.17 ಎಂದು ಓದುತ್ತದೆ, ಮೂಲೆಮೂಲೆಯೂ ಈಗಷ್ಟೇ ಮೇಣ ಉಜ್ಜಿದಂತೆ ಹೊಳೆಯುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಗ್ರಾಫಿಕ್ಸ್ ಕಾರ್ಡ್ ಹುಡುಕಿ ಹೋಗುವ ಮೊದಲು ಒಂದು ಲೆಕ್ಕ: 4ಕೆ (4096×4096) ಬಣ್ಣದ ಮ್ಯಾಪ್ ಒಂದಕ್ಕೆ 64 ಎಂಬಿ, 2ಕೆಗೆ 16. ಫೈಲ್ ಚಿಕ್ಕದಿದ್ದರೂ ಕಾರ್ಡಿನಲ್ಲಿ ಬಿಚ್ಚಿಕೊಳ್ಳುವುದು ಇಷ್ಟೇ ಜಾಗಕ್ಕೆ. ದೂರದ ಗೋಡೆಗೆಲ್ಲ 4ಕೆ ಹಾಕಿದರೆ 4 ಜಿಬಿ ಕಾರ್ಡು ಕೈಯೆತ್ತುತ್ತದೆ. ರೆಂಡರ್ ಸೆಟ್ಟಿಂಗಿನ ಸಿಂಪ್ಲಿಫೈನಲ್ಲಿ ಟೆಕ್ಸ್ಚರ್ ಲಿಮಿಟ್ 2048ಕ್ಕೆ ಇಟ್ಟು ನೋಡಿ. ಮುಂದಿರುವ ಬಾಗಿಲಿನ ಹೊರತು ಎಲ್ಲೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಅಂಗಡಿ ಬೋರ್ಡು. ನಾನು ಬಳಸುತ್ತಿರುವ ಆವೃತ್ತಿಯ ಟೆಕ್ಸ್ಟ್ ಆಬ್ಜೆಕ್ಟ್‌ಗೆ ಒತ್ತಕ್ಷರ ಬರುವುದಿಲ್ಲ, ‘ಪುಸ್ತಕ’ದ ತ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಇಂಕ್‌ಸ್ಕೇಪ್‌ನಲ್ಲಿ (ರೇಖಾಚಿತ್ರದ ತಂತ್ರಾಂಶ) ಬರೆದು ‘ಆಬ್ಜೆಕ್ಟ್ ಟು ಪಾತ್’ನಿಂದ ಅಕ್ಷರವನ್ನು ಗೆರೆಯಾಗಿಸಿ ಎಸ್‌ವಿಜಿ ತರುತ್ತೇನೆ. ಬರುವಾಗ ಇರುವೆಯಷ್ಟಿರುತ್ತದೆ, ಬೋರ್ಡಿನ ಅಳತೆಗೆ ಹಿಗ್ಗಿಸಿ, ಸ್ಕೇಲ್ ಅಪ್ಲೈ ಮಾಡಿ, ಆಮೇಲೆ ದಪ್ಪ ಬರಿಸಲು 5 ಮಿ.ಮೀ. ಎಕ್ಸ್‌ಟ್ರೂಡ್.