ನಿಕೋಟಿನ್ ಹಿಡಿತವನ್ನು ಅರಿತು ಸಡಿಲಿಸುವ ಬಗೆ

ಸಿಗರೇಟಿನ ಹೊಗೆಯನ್ನು ಒಳಗೆಳೆದುಕೊಂಡ 10ರಿಂದ 20 ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆ. ಅಲ್ಲಿ ಅದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಮೀಸಲಾದ ಗ್ರಾಹಕಗಳನ್ನು, ಅಂದರೆ ನರಕೋಶಗಳ ಮೇಲೆ ರಾಸಾಯನಿಕ ಸಂದೇಶಗಳನ್ನು ಹಿಡಿಯುವ ತಾಣಗಳನ್ನು, ಆಕ್ರಮಿಸಿಕೊಂಡು ಹಿತಾನುಭವಕ್ಕೆ ಕಾರಣವಾಗುವ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವಂತೆ ಮಾಡುತ್ತದೆ. ಅದೇ ಹೊತ್ತಿಗೆ ಅಡ್ರಿನಲಿನ್ ಸ್ರವಿಸುವುದರಿಂದ ಎದೆಬಡಿತ ಚುರುಕಾಗುತ್ತದೆ, ರಕ್ತದೊತ್ತಡ ಏರುತ್ತದೆ, ಚರ್ಮದ ರಕ್ತನಾಳಗಳು ಕುಗ್ಗಿ ಬೆರಳ ತುದಿಗಳು ತಣ್ಣಗಾಗುತ್ತವೆ. ದೇಹ ಹೀಗೆ ಉದ್ರೇಕಗೊಂಡಿರುವಾಗ ಮನಸ್ಸಿಗೆ ಮಾತ್ರ ಹಾಯೆನಿಸುವುದೇಕೆ ಎಂಬುದನ್ನು ಚಟ ಬಿಡಲು ಹೊರಟವರು ಮೊದಲು ತಿಳಿದುಕೊಳ್ಳಬೇಕು.

ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ನಿತ್ಯ ಸೇದುವವರ ಮಿದುಳಿನಲ್ಲಿ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿರುವುದರಿಂದ, ಪ್ರಮಾಣ ಇಳಿದಂತೆಲ್ಲ ಚಡಪಡಿಕೆ, ಸಿಡುಕು, ಏಕಾಗ್ರತೆಯ ಕೊರತೆ ತಲೆದೋರುತ್ತವೆ. ಮುಂದಿನ ಸಿಗರೇಟು ಅವನ್ನು ತಣಿಸುತ್ತದೆ. ಒತ್ತಡ ಕಳೆಯಲು ಸೇದುತ್ತೇನೆ ಎನ್ನುವವರು ಬಹುಮಟ್ಟಿಗೆ ಹಿಂದಿನ ಸಿಗರೇಟು ಹುಟ್ಟಿಸಿದ ಒತ್ತಡವನ್ನೇ ಕಳೆದುಕೊಳ್ಳುತ್ತಿರುತ್ತಾರೆ. ಸಾಲದ ಕಂತು ಕಟ್ಟಿದ ದಿನದ ನೆಮ್ಮದಿಯಂಥದ್ದು ಅದು.

ಬಿಡುವ ಮುನ್ನ ಕೆಲವು ದಿನ ನಿಮ್ಮನ್ನೇ ಗಮನಿಸಿ, ಪ್ರತಿ ಸಿಗರೇಟಿನ ಹೊತ್ತು ಮತ್ತು ಸಂದರ್ಭವನ್ನು ಬರೆದಿಡಿ. ದಿನದ ಮೊದಲ ಸಿಗರೇಟು ಎಚ್ಚರವಾದ 30 ನಿಮಿಷಗಳೊಳಗೇ ಬೇಕಾಗುತ್ತಿದ್ದರೆ ಅವಲಂಬನೆ ಬಲವಾಗಿದೆಯೆಂದೇ ಅರ್ಥ. ಅಂಥವರಿಗೆ ಮನೋಬಲವೊಂದೇ ಸಾಲದಿರಬಹುದು. ಸಿಗರೇಟಿನ ಬದಲಿಗೆ ಬಾಯಲ್ಲಿಟ್ಟುಕೊಳ್ಳುವ ನಿಕೋಟಿನ್ ಗಮ್ ಅನ್ನು ಅವರಿಗೆ 2 ಮಿಲಿಗ್ರಾಂ ಬದಲು 4 ಮಿಲಿಗ್ರಾಂ ಪ್ರಮಾಣದಲ್ಲಿ ಸೂಚಿಸುವುದು ವಾಡಿಕೆ. ಇದೂ ನಿಕೋಟಿನ್ ಅಲ್ಲವೇ ಎಂದು ಹಿಂಜರಿಯುವವರಿದ್ದಾರೆ. ಕ್ಯಾನ್ಸರ್ ತರುವುದು ಮುಖ್ಯವಾಗಿ ಹೊಗೆಯಲ್ಲಿರುವ ಇತರ ವಿಷಗಳು, ಗಮ್‌ನಲ್ಲಿ ಹೊಗೆಯಿಲ್ಲ. ಹೃದ್ರೋಗಿಗಳೂ ಗರ್ಭಿಣಿಯರೂ ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು.

ಗಮ್ ವಿಫಲವಾಯಿತೆನ್ನುವವರಲ್ಲಿ ಅನೇಕರು ಅದನ್ನು ಚೂಯಿಂಗ್ ಗಮ್‌ನಂತೆ ಎಡೆಬಿಡದೆ ಜಗಿದಿರುತ್ತಾರೆ. ಹಾಗೆ ಮಾಡಿದರೆ ನಿಕೋಟಿನ್ ಉಗುಳಿನೊಂದಿಗೆ ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ ಬರುತ್ತವೆಯೇ ಹೊರತು ಚಪಲ ತಗ್ಗುವುದಿಲ್ಲ. ನಿಧಾನವಾಗಿ ಜಗಿಯಿರಿ, ಮೆಣಸಿನಂಥ ಚುರುಕು ನಾಲಿಗೆಗೆ ತಾಗಿದೊಡನೆ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಇರಿಸಿಕೊಳ್ಳಿ. ಚುರುಕು ಮಾಸಿದ ಮೇಲೆ ಮತ್ತೆ ಜಗಿದು, ಜಾಗ ಬದಲಿಸಿ ಇರಿಸಿ. ಹೀಗೆ ಸುಮಾರು 30 ನಿಮಿಷ ಮುಂದುವರಿಸಿ. ಬಾಯಿ ಆಮ್ಲೀಯವಾಗಿದ್ದರೆ ನಿಕೋಟಿನ್ ಹೀರಿಕೆ ಕುಗ್ಗುವುದರಿಂದ, 15 ನಿಮಿಷ ಮೊದಲಿನಿಂದಲೇ ಕಾಫಿ, ಹಣ್ಣಿನ ರಸ ಬೇಡ. ನಿಕೋಟಿನ್ ಪಟ್ಟಿ ಇದಕ್ಕಿಂತ ಸುಲಭ: ಕೂದಲಿಲ್ಲದ ಒಣ ಚರ್ಮಕ್ಕೆ ದಿನಕ್ಕೊಂದರಂತೆ, ಜಾಗ ಬದಲಿಸುತ್ತ ಅಂಟಿಸಬೇಕು. ಅದು ನಿದ್ದೆಯಲ್ಲಿ ವಿಚಿತ್ರ ಕನಸುಗಳನ್ನು ತಂದರೆ ರಾತ್ರಿ ತೆಗೆದಿಡಬಹುದು.

ಬಿಟ್ಟ ಮೊದಲ 3 ದಿನಗಳು ಸಾಮಾನ್ಯವಾಗಿ ಅತ್ಯಂತ ಕಠಿಣ. ದೈಹಿಕ ತೊಂದರೆಗಳು 2ರಿಂದ 4 ವಾರಗಳಲ್ಲಿ ಬಹುಪಾಲು ಇಳಿಯುತ್ತವೆ. ಪ್ರತಿ ಚಪಲವೂ ಕೆಲವೇ ನಿಮಿಷ ಉಳಿಯುವುದರಿಂದ, ಅಷ್ಟು ಹೊತ್ತು ಎದ್ದು ನಡೆದಾಡಿದರೂ ಅದು ದಾಟಿಹೋಗುತ್ತದೆ.

ಹೆಚ್ಚಿನವರಿಗೆ ತಿಳಿಯದ ಒಂದು ವಿಷಯವಿದೆ. ತಂಬಾಕಿನ ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಹೊಗೆ ನಿಂತರೆ, ಕುಡಿಯುತ್ತಿದ್ದಷ್ಟೇ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ನಡುಕವನ್ನೂ ನಿದ್ರಾಹೀನತೆಯನ್ನೂ ತರುತ್ತದೆ. ಜನ ಇದನ್ನೇ ಚಟ ಬಿಟ್ಟ ಸಂಕಟವೆಂದು ಭಾವಿಸಿ ಮತ್ತೆ ಸೇದತೊಡಗುತ್ತಾರೆ. ಕಾಫಿಯನ್ನು ಅರ್ಧಕ್ಕಿಳಿಸಿ. ಕ್ಲೋಜಪಿನ್, ಒಲಾಂಜಪಿನ್‌ನಂಥ ಮಾನಸಿಕ ರೋಗದ ಔಷಧಿಗಳ ಮೇಲೂ ಇದೇ ಪರಿಣಾಮ ಆಗುವುದರಿಂದ, ಅವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿ ಪ್ರಮಾಣವನ್ನು ಪರಿಶೀಲಿಸಿಕೊಳ್ಳಬೇಕು.