‘ಬೈ’ ಅಂದ್ರ ಬರೀ ‘ಇಂದ’ ಅಲ್ರಿ: ಇಂಗ್ಲಿಷಿನ ಈ ಎರಡಕ್ಷರದ ಶಬ್ದ ಸರಿಯಾಗಿ ಬಳಸೂದು ಹೆಂಗ?

ನಮ್ಮದು ಹುಬ್ಬಳ್ಳ್ಯಾಗ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ ಐತ್ರಿ, ಲಗ್ನಪತ್ರ, ವಿಸಿಟಿಂಗ್ ಕಾರ್ಡ್, ಬಿಲ್ ಬುಕ್, ಫ್ಲೆಕ್ಸ್ ಇಂಥಾವೆಲ್ಲಾ. ಎರಡು ವರ್ಷದ ಹಿಂದ ಪುಣೆ ಕಡೆ ಗಿರಾಕಿಯೊಬ್ರು ಆರ್ಡರ್ ತಗೊಂಡು ಹೋಗಾಕ ಬರೋರಿದ್ರು, ಅಂಗಡಿ ಟೈಮಿಂಗ್ ಏನು ಅಂತ ಇಂಗ್ಲಿಷ್‌ನ್ಯಾಗ ಮೆಸೇಜ್ ಹಾಕಿದ್ರು, ನಾನೂ ಭಾಳ ಸ್ಟೈಲಾಗಿ ‘ಶಾಪ್ ವಿಲ್ ಬಿ ಓಪನ್ ಬೈ ಏಯ್ಟ್’ ಅಂತ ಬರದು ಆರಾಮ ಮಕ್ಕೊಂಡೆ. ನನ್ನ ತಲ್ಯಾಗ ಇದ್ದದ್ದು ರಾತ್ರಿ ಎಂಟರ ಮಟಾ ತಗದಿರ್ತೈತಿ ಅಂತ. ಅವರು ಓದ್ಕೊಂಡಿದ್ದು ಮುಂಜಾನೆ ಎಂಟನ್ನೂದ್ರಾಗ ತಗೀತಾರ ಅಂತ. ಟ್ರೇನ್ ಇಳದು ಸೀದಾ ಬಂದು ಶಟರ್ ಮುಂದ ಎರಡು ತಾಸು ನಿಂತಿದ್ರು ಪಾಪ, ನಾವು ತಗಿಯೂದ ಹತ್ತಕ್ಕ. ತಪ್ಪು ಅವರದ್ದಲ್ಲ, ಅವರು ಸರಿಯಾಗೇ ಓದಿದ್ರು, ನಾನು ಬರದಿದ್ದ ತಪ್ಪು.

ಆವಾಗಿಂದ ಈ ‘ಬೈ’ ಬೆನ್ನು ಹತ್ತೇನಿ. ಸಾಲ್ಯಾಗ ನಮಗ ಕಲಿಸಿದ್ದು ಒಂದ ಸಾಲು, ‘ಬೈ ಅಂದ್ರ ಇಂದ’. ಅಲ್ಲೇ ಎಡವಟ್ಟಾಗಿದ್ದು. ಪುಸ್ತಕದ ಆ ‘ಇಂದ’ ಬಿಟ್ಟು ನಾವು ಮನ್ಯಾಗ ಮಾತಾಡೋ ಕನ್ನಡಕ್ಕ ಬರ್ರಿ, ‘ಮಟಾ’, ‘ಅನ್ನೂದ್ರಾಗ’, ‘ಲೆ’, ಇವು ಮೂರು ಇದ್ರ ಅರ್ಧಕ್ಕರ್ಧ ಕೆಲಸ ಮುಗೀತು.

ಮೊದಲನೇ ಸ್ಟೆಪ್, ಯಾವ ಬೈ ಅಂತ ನೋಡ್ಕೊಳ್ರಿ. ಬಿ-ವೈ ಅಂದ್ರ ಇವತ್ತಿನ ನಮ್ಮ ಶಬ್ದ. ನಡುವ ಯು ಬಂತಂದ್ರ ಖರೀದಿ ಮಾಡೂದು. ಕೊನಿಗೆ ಇ ಬಂತಂದ್ರ ಟಾಟಾ ಹೇಳೂದು, ಅದು ‘ಗಾಡ್ ಬಿ ವಿತ್ ಯೀ’, ದೇವ್ರು ನಿನ್ನ ಜೋಡಿ ಇರಲಿ ಅನ್ನೂದು ಸವದು ಸವದು ಗುಡ್‌ಬೈ ಆಗಿ, ಮುಂದ ಬರೀ ಬೈ ಆಗಿ ಉಳದದ್ದು. ಕ್ರಿಕೆಟ್‌ನ್ಯಾಗ ಬಾಲು ಬ್ಯಾಟಿಗೂ ಮೈಗೂ ತಾಗದ ಹಿಂದ ಹೋದಾಗ ಓಡಿ ತಗೊಳ್ಳೋ ರನ್ನಿಗೂ ಇದ ಇ ಇರೋ ಸ್ಪೆಲಿಂಗ್. ನಾಲ್ಕನೇದು ನಮ್ಮದ, ಬೈಯೂದು. ನನ್ನ ಮಗಳು ಸಣ್ಣಾಕಿ ಇದ್ದಾಗ ಕೈ ಮಾಡಿ ‘ಬೈ ಬೈ’ ಅಂದ್ರ ನಮ್ಮ ಆಯಿ ‘ಯಾರಿಗೆ ಬೈಬೇಕವಾ ನಾ ಮುಂಜಮುಂಜಾನೆ’ ಅಂತಿದ್ಳು.

ಎರಡನೇ ಸ್ಟೆಪ್ ಟೈಮಿಂದು, ಇಲ್ಲೆ ಸ್ವಲ್ಪ ನಿಂತು ನೋಡೂಣು ಯಾಕಂದ್ರ ರೊಕ್ಕ ಹೋಗೂದು ಇಲ್ಲೇ. ವಾಕ್ಯ ಮೊದಲು ಕನ್ನಡದಾಗ ಹೇಳ್ಕೊಳ್ರಿ. ‘ಮಟಾ’ ಅಥವಾ ‘ತನಕ’ ಬಂತಂದ್ರ ಬೈ ಹಾಕಂಗಿಲ್ಲ, ಟಿಲ್ ಅಥವಾ ಅಂಟಿಲ್ ಹಾಕಬೇಕು. ‘ಅನ್ನೂದ್ರಾಗ’ ಬಂತಂದ್ರ ಬೈ. ‘ನಾ ಐದರ ಮಟಾ ಕಾಯ್ತೇನಿ’, ಐ ವಿಲ್ ವೇಟ್ ಟಿಲ್ ಫೈವ್. ‘ಐದನ್ನೂದ್ರಾಗ ಕಳಸ್ತೇನಿ’, ಐ ವಿಲ್ ಸೆಂಡ್ ಇಟ್ ಬೈ ಫೈವ್. ಕಾಯೂದು, ಇರೂದು, ಅಂಗಡಿ ತಗದಿರೂದು ಇವು ಎಳಕೊಂಡು ಹೋಗೋ ಕೆಲಸ, ಅದಕ್ಕ ಟಿಲ್. ಕಳಸೂದು, ಮುಗಸೂದು, ರೊಕ್ಕ ಕಟ್ಟೂದು ಇವು ಒಮ್ಮೆ ಆಗಿ ಮುಗಿಯೋ ಕೆಲಸ, ಅದಕ್ಕ ಬೈ. ನಾನು ಪುಣೆಯವರಿಗೆ ‘ಓಪನ್ ಟಿಲ್ ಏಯ್ಟ್ ಪಿಎಂ’ ಅಂದಿದ್ರ ಮುಗದಹೋಗ್ತಿತ್ತು.

ಮತ್ತ ‘ಒಳಗ’ ಅನ್ನೂದೊಂದು ಐತಿ, ಇದು ಕಳ್ಳ. ‘ಶುಕ್ರವಾರದೊಳಗ ಕೊಡ್ತೇನಿ’ ಅಂದ್ರ ಬೈ ಫ್ರೈಡೇ, ಸರಿ. ಆದ್ರ ‘ಎರಡು ದಿನದೊಳಗ ಕೊಡ್ತೇನಿ’ ಅನ್ನೂದಕ್ಕ ‘ಬೈ ಟೂ ಡೇಸ್’ ಅನ್ನಂಗಿಲ್ರಿ, ಅಲ್ಲೆ ವಿದಿನ್ ಟೂ ಡೇಸ್ ಆಗಬೇಕು. ಗಡಿಯಾರದಾಗ, ಕ್ಯಾಲೆಂಡರ್‌ನ್ಯಾಗ ಬಟ್ಟು ಇಟ್ಟು ತೋರಸೂ ಹಂಗಿದ್ರ ಬೈ, ಲೆಕ್ಕಾ ಹಾಕೋ ಅವಧಿ ಇದ್ರ ವಿದಿನ್. ನನ್ನ ಅಂಗಡಿಗೆ ಬರೋ ಮೆಸೇಜ್‌ಗಳಾಗ ನಾ ಭಾಳ ನೋಡೋ ತಪ್ಪು ಇದ. ಇನ್ನೊಂದು, ಬೈ ಫ್ರೈಡೇ ಅಂದ್ರ ಶುಕ್ರವಾರನೂ ಸೇರ್ತೈತಿ, ಬಿಫೋರ್ ಫ್ರೈಡೇ ಅಂದ್ರ ಗುರುವಾರಕ್ಕ ಮುಗೀಬೇಕು. ಗಿರಾಕಿ ಶುಕ್ರವಾರ ಮುಂಜಾನೆನ ಬಂದು ಎಲ್ಲೈತಿ ಅಂತಾರ, ನಾವು ಸಂಜಿಗೆ ಅಂತೀವಿ, ಜಗಳ ಶುರು. ಅದಕ್ಕ ನಾ ಈಗ ‘ಬೈ ಸಿಕ್ಸ್ ಪಿಎಂ ಆನ್ ಫ್ರೈಡೇ’ ಅಂತ ಟೈಮ್ ಹಾಕೇ ಬರೀತೇನಿ.

‘ಬೈ ದಿ ಟೈಮ್’ ಅನ್ನೂದು ಕಷ್ಟ ಅಂತ ಹುಡುಗ್ರು ಹೆದರ್ತಾರ, ನಮಗಂತೂ ಅದು ಅಗದೀ ಸರಳ. ‘ನಾ ಬರೂದ್ರಾಗ ಬಸ್ ಹೋಗಿತ್ತು’. ಬೈ ದಿ ಟೈಮ್ ಐ ಕೇಮ್, ದಿ ಬಸ್ ಹ್ಯಾಡ್ ಲೆಫ್ಟ್. ನೋಡ್ರಿ, ನಮ್ಮ ‘ಹೋಗಿತ್ತು’ ಇದ್ದಲ್ಲೇ ಅವರ ‘ಹ್ಯಾಡ್ ಲೆಫ್ಟ್’ ಬಂದು ಕುಂತೈತಿ. ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಎಕ್ಸಾಮಿಗೆ ಓದೋ ನನ್ನ ತಂಗಿ ಮಗನಿಗೆ ಇಷ್ಟ ಹೇಳಿದೆ, ಮಾಮಾ ಇದನ್ನ ಗ್ರಾಮರ್ ಪುಸ್ತಕದಾಗ ಎರಡು ಪುಟ ಮಾಡ್ಯಾರಲ್ಲೋ ಅಂದ.

ಮೂರನೇದು, ಯಾರು ಮಾಡಿದ್ರು, ಯಾತರ್ಲೆ ಮಾಡಿದ್ರು ಅನ್ನೂದು. ಇಲ್ಲೆ ನಮ್ಮ ‘ಲೆ’ ಕೆಲಸಕ್ಕ ಬರ್ತೈತಿ. ಚಾಕುಲೆ ಕೊಯ್ದ, ಪೆನ್ನಿಲೆ ಬರದ, ಈ ‘ಲೆ’ ಹಚ್ಚೋ ಸಾಮಾನಿಗೆ ವಿತ್. ಮಾಡಿದ ಮನುಷ್ಯಾಗ ಬೈ. ‘ದಿ ಕಾರ್ಡ್ ವಾಸ್ ಡಿಸೈನ್ಡ್ ಬೈ ಮೈ ಬ್ರದರ್’, ‘ದಿ ಪೇಪರ್ ವಾಸ್ ಕಟ್ ವಿತ್ ಎ ಬ್ಲೇಡ್’. ‘ಕಟ್ ಬೈ ಎ ಬ್ಲೇಡ್’ ಅಂದ್ರ ಬ್ಲೇಡ್ ತಾನ ಎದ್ದು ಬಂದು ಕೊಯ್ದಂಗ ಕೇಳಸ್ತೈತಿ. ಆದ್ರ ‘ಕೈಲೆ ಮಾಡಿದ್ದು’ ಅನ್ನೂದಕ್ಕ ಮಾತ್ರ ‘ಮೇಡ್ ಬೈ ಹ್ಯಾಂಡ್’, ಯಾಕಂದ್ರ ಅಲ್ಲೆ ಹೇಳ್ತಿರೂದು ಮಷಿನ್ ಅಲ್ಲ ಕೈ ಅಂತ ರೀತಿ, ಸಾಮಾನಲ್ಲ. ಅದಕ್ಕ ನಡುವ ‘ಮೈ’, ಅಂದ್ರ ‘ನನ್ನ’, ಸೇರಿಸಿದ್ರೋ, ಮತ್ತ ವಿತ್ ಮೈ ಹ್ಯಾಂಡ್ಸ್.

ಗಾಡಿದೂ ಇದ ಕಥಿ. ಧಾರವಾಡಕ್ಕ ಬಸ್ಸಿನ್ಯಾಗ ಹೋದೆ, ಬೈ ಬಸ್. ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನ್ಯಾಗ ಅಂತ ಆ ಬಸ್ಸನ್ನ ಬಟ್ಟು ಮಾಡಿ ತೋರಿಸಿದ್ರ ‘ಆನ್ ದಿ ಚಿಗರಿ ಬಸ್’, ನನ್ನ ಕಾರಿನ್ಯಾಗ ಅಂದ್ರ ‘ಇನ್ ಮೈ ಕಾರ್’, ‘ಬೈ ಮೈ ಕಾರ್’ ಅಲ್ಲ. ಮತ್ತ ನಡಕೋತ ಹೋದ್ರ ‘ಬೈ ವಾಕ್’ ಇಲ್ಲೇ ಇಲ್ಲ. ಆನ್ ಫುಟ್.

ಈಗ ರೇಟಿನ ಸಲುವಾಗಿ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕೋರು ಇದನ್ನ ಎರಡೆರಡು ಸಲ ಓದ್ರಿ. ಕ್ವಿಂಟಾಲಿಗೆ 20 ಸಾವಿರ ಇತ್ತು ಅನ್ಕೊಳ್ರಿ. ‘ರೇಟ್ ಫೆಲ್ ಬೈ 5 ಸಾವಿರ’ ಅಂತ ಮೆಸೇಜ್ ಬಂದ್ರ ಐದು ಸಾವಿರ ಇಳೀತು, ಈಗ 15 ಸಾವಿರ ಐತಿ. ‘ರೇಟ್ ಫೆಲ್ ಟು 5 ಸಾವಿರ’ ಅಂದ್ರ ಐದು ಸಾವಿರಕ್ಕ ಬಂದು ನಿಂತೈತಿ, ಮುಕ್ಕಾಲು ಪಾಲು ಹೋತು. ಹತ್ತು ಕ್ವಿಂಟಾಲ್ ಇಟ್ಕೊಂಡಾವಂಗ ಈ ಎರಡು ಸಣ್ಣ ಶಬ್ದದ ನಡುವ ಒಂದು ಲಕ್ಷ ರೂಪಾಯಿ ಫರಕು. ಕನ್ನಡದಾಗ ನಾವು ‘ಐದು ಸಾವಿರ ಇಳೀತು’, ‘ಐದು ಸಾವಿರಕ್ಕ ಇಳೀತು’ ಅಂತೀವಿ, ಆ ‘ಕ್ಕ’ ಇದ್ರ ಟು, ಇರಲಿಲ್ಲಂದ್ರ ಬೈ. ಏರಿದಾಗೂ ಅಷ್ಟ.

ಕಿಲೋ ಲೆಕ್ಕದ ಮ್ಯಾಲೆ ಮಾರ್ತೀವಿ ಅನ್ನಾಕ ‘ಬೈ ದಿ ಕಿಲೋ’, ದಿನಗೂಲಿಗೆ ‘ಪೇಯ್ಡ್ ಬೈ ದಿ ಡೇ’, ನಡುವಿನ ‘ದಿ’ ಮರೀಬ್ಯಾಡ್ರಿ. ‘ಅವರ ಮುಖಾ ನೋಡೇನಿ, ಮಾತಾಡ್ಸಿಲ್ಲ’ ಅನ್ನೂದಕ್ಕ ‘ಐ ನೋ ಹಿಮ್ ಬೈ ಸೈಟ್’, ‘ಬೈ ಫೇಸ್’ ಅಂತ ನಾವು ಅಂದಂದು ರೂಢಿ ಮಾಡ್ಕೊಂಡೀವಿ. ಬಾಯಿಪಾಠಕ್ಕ ‘ಬೈಹಾರ್ಟ್ ಮಾಡು’ ಅಂತ ಎಲ್ಲಾ ಮಾಸ್ತರೂ ಹೇಳ್ತಾರ, ಕನ್ನಡದಾಗ ಅದು ಚಲೋನ ಕೂತೈತಿ, ನನಗೇನೂ ತಕರಾರಿಲ್ಲ, ಆದ್ರ ಇಂಗ್ಲಿಷ್ ಬರಿಯೋವಾಗ ‘ಐ ಬೈಹಾರ್ಟೆಡ್ ಇಟ್’ ಅನ್ನಬ್ಯಾಡ್ರಿ, ‘ಐ ಲರ್ನ್ಟ್ ಇಟ್ ಬೈ ಹಾರ್ಟ್’.

ಬೈಗೆ ಬಾಜೂಕ ಅನ್ನೋ ಹಳೇ ಅರ್ಥನೂ ಐತಿ. ಉಣಕಲ್ ಕೆರಿ ಬಾಜೂಕ ಕುಂತಿದ್ವಿ ಅಂದ್ರ ‘ಬೈ ದಿ ಲೇಕ್’. ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಂತೀವಲ್ಲ, ಅದೂ ಊರ ಹೊರಗ ಬಾಜೂಕ ದಾಟಿ ಹೋಗೂದಕ್ಕ ಬೈ. ಸೊಸೈಟಿ ‘ಬೈಲಾ’ ಮಾತ್ರ ಬ್ಯಾರೇ ಮನಿತನದ್ದು ಅಂತ ಬಲ್ಲವರು ಹೇಳ್ತಾರ, ಅಲ್ಲಿರೋ ಬೈ ಹಳೇ ಸ್ಕ್ಯಾಂಡಿನೇವಿಯಾ ಕಡೆಯ ಭಾಷೆಯಾಗ ಊರು ಅನ್ನೋ ಶಬ್ದ, ಇಂಗ್ಲೆಂಡಿನ ವಿಟ್‌ಬಿ, ಡರ್ಬಿ ಅನ್ನೋ ಊರಿನ ಹೆಸರಿನ ಬಾಲದಾಗಿರೋದೂ ಅದ. ಹಂಗಂದ್ರ ಬೈಲಾ ಅಂದ್ರ ಊರ ಕಟ್ಟಳೆ.

ಕೊನಿಗೆ ಅಳತಿ. ಆರು ಬೈ ನಾಲ್ಕು ಫ್ಲೆಕ್ಸ್, ತರ್ಟಿ ಬೈ ಫಾರ್ಟಿ ಸೈಟ್, ಇವು ಎಲ್ಲಾ ಕಡೆ ನಡೀತಾವು. ಫ್ಲೆಕ್ಸ್ ಹೇಳೋವಾಗ ಮೊದಲು ಅಗಲ, ಆಮೇಲೆ ಎತ್ತರ ಅಂತ ಬಾಯ್ಬಿಟ್ಟು ಹೇಳ್ರಿ, ಇಲ್ಲಂದ್ರ ಅಡ್ಡ ಬೇಕಾದ್ದು ಉದ್ದಕ ಬರ್ತೈತಿ, ಆಮೇಲೆ ರೊಕ್ಕ ವಾಪಸ್ ಇಲ್ಲ. ಇನ್ನ ‘ಬೈ ಟು ಚಾ’. ಅರ್ಧಕ್ಕ ನಾವು ಒಂದು ಬೈ ಎರಡು ಅಂತ ಲೆಕ್ಕದಾಗ ಓದ್ತೀವಲ್ಲ, ಅದ ಗಣಿತ ಹೋಟೆಲ್ಲಿಗೆ ಬಂದೈತಿ. ಇಂಗ್ಲೆಂಡಿನವರು ಅದನ್ನ ‘ಒನ್ ಓವರ್ ಟೂ’ ಅಥವಾ ಸೀದಾ ‘ಹಾಫ್’ ಅಂತಾರ, ಅಲ್ಲಿ ಹೋಗಿ ‘ಒನ್ ಬೈ ಟೂ ಟೀ’ ಅಂದ್ರ ಮಾಣಿ ನಿಮ್ಮ ಮುಖಾ ನೋಡ್ತಾನ. ಅಲ್ಲೆ ಒಂದು ಚಾ, ಎರಡು ಕಪ್ಪು ಕೇಳಬೇಕು. ಇಲ್ಲೆ ಎರಡು ಬಟ್ಟು ಎತ್ತಿದ್ರ ಸಾಕು.