ಎಫ್‌ಟಿ8 ಹಾಕುವಾಗ ಪಕ್ಕದವರಿಗೂ ಜಾಗ ಬಿಡಿ

ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೇ, 20 ಮೀಟರ್ ಬ್ಯಾಂಡ್‌ನಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಹಾಕುವವರಿಗೆ ಒಂದು ಮಾತು. ನಮ್ಮ ಡಯಲ್ (ರೇಡಿಯೋದಲ್ಲಿ ಇಡುವ ಫ್ರೀಕ್ವೆನ್ಸಿ) 14.074 ಮೆಗಾಹರ್ಟ್ಸ್; ಇಂಥದ್ದೇ ಬೇರೆ ವಿಧಾನಗಳಲ್ಲಿ ಜೆಎಸ್8ನವರದ್ದು 14.078, ಎಫ್‌ಟಿ4ನವರದ್ದು 14.080. ಜಾಗ ತುಂಬಾ ಇಕ್ಕಟ್ಟು, ಅಲ್ವಾ? ರೇಡಿಯೋದ ಫಿಲ್ಟರ್ ಅಗಲ ಮಾಡಿಕೊಂಡರೆ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಕಿಟಕಿ) 4000 ಹರ್ಟ್ಸ್ ಆಚೆಗೂ ಖಾಲಿ ಕಾಣುತ್ತದೆ. ಸುಮ್ನೆ ಅಲ್ಲಿ ಕ್ಲಿಕ್ ಮಾಡಬೇಡಿ. 14.074ಕ್ಕೆ ಆ 4 ಕಿಲೋಹರ್ಟ್ಸ್ ಸೇರಿಸಿ ನೋಡಿ, ಜೆಎಸ್8ನವರ ಅಂಗಳಕ್ಕೇ ಕಾಲಿಟ್ಟಿರುತ್ತೀರಿ! 3000ದ ಒಳಗೇ ಇರಿ. ಒಂದು ಸಿಗ್ನಲ್‌ಗೆ ಬೇಕಾಗಿರುವುದು 50 ಹರ್ಟ್ಸ್ ಅಷ್ಟೇ.

ಕರೆಯುವ ಮೊದಲು ತಲಾ 15 ಸೆಕೆಂಡಿನ ಸಮ, ಬೆಸ ಎರಡೂ ಸರದಿ, ಅಂದರೆ 30 ಸೆಕೆಂಡ್ ನೋಡಿ. ಖಾಲಿ ಗೆರೆ ಸಿಕ್ಕಿದ ಮೇಲೆ ನೀವು ಕಳಿಸುವ ಜಾಗ ಬದಲಾಗದಂತೆ ಸಾಫ್ಟ್‌ವೇರ್‌ನಲ್ಲಿ 'ಹೋಲ್ಡ್ ಟಿಎಕ್ಸ್ ಫ್ರೀಕ್ವೆನ್ಸಿ'ಗೆ ಟಿಕ್ ಹಾಕಿ. ಕಂಪ್ಯೂಟರ್‌ನಿಂದ ರೇಡಿಯೋಗೆ ಆಡಿಯೋ ಜಾಸ್ತಿ ಕೊಟ್ಟರೆ ನಿಮ್ಮ ಗೆರೆಯ ಅಕ್ಕಪಕ್ಕ ಮರಿಗೆರೆಗಳು ಏಳುತ್ತವೆ. ಎಎಲ್‌ಸಿ (ಮಿತಿ ಮೀರಿದ ಸಿಗ್ನಲ್ ತಗ್ಗಿಸುವ ವ್ಯವಸ್ಥೆ) ಮೀಟರ್ ಅಲ್ಲಾಡದಷ್ಟು ಇಳಿಸಿಕೊಳ್ಳಿ.